ಎಲೆ ತಿಂದ ಅಳಿಯ

ಅಳಿಯನೆಂಬ ಪ್ರಾಣಿಗೆ ಮರ್ಯಾದೆ ಏನಿದ್ದರೂ ಮಾವನ ಮನೆಯ ಮಣೆಯ ಮೇಲೆ. ಮಾವನೇ ಅಳಿಯನ ಊರಿಗೆ ಬಂದರೋ, ಮುಗಿಯಿತು ಕಥೆ. ಆಗ ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತ. ಯುಗಾದಿಗೆಂದು ಹೊಳೆಹೊನ್ನೂರಿನ ತವರಿಗೆ ಹೋದ ನನ್ನ ಹೆಂಡತಿ ಗಿರಿಜೆಯನ್ನು ಶ್ರಾವಣ ಬಂದರೂ ಅತ್ತೆ ಕಳಿಸಿರಲಿಲ್ಲ. "ಹೊಗೆ ಉಗುಳೋ ಊರು, ಅಲ್ಲೇನು ಊಟವೋ ಏನು ಕಥೆಯೋ" ಎಂಬುದು ಅವರ ತಕರಾರು. ಕೊನೆಗೆ ಒಂದು ಭಾನುವಾರ ಅತ್ತೆ, ಮಾವ, ಗಿರಿಜೆ ಮೂವರೂ ಬಂದರು. ಊರು ಒಪ್ಪಿಗೆಯಾದರೆ ಗಿರಿಜೆ ಉಳಿಯುವುದು, ಇಲ್ಲವಾದರೆ ಸಂಜೆಯ ಬಸ್ಸಿಗೆ ವಾಪಸ್ಸು.

ನಾನೇ ಅಡಿಗೆ ಮಾಡಿ ಬಡಿಸೋಣವೆಂದರೆ ನನ್ನ ಅನ್ನ ಒಂದು ದಿನ ಗಂಜಿ, ಇನ್ನೊಂದು ದಿನ ಅಕ್ಕಿ. ಹಾಗಾಗಿ ಎಲ್ಲರನ್ನೂ ಬಟ್ಲರ್ ಮುನಿಸ್ವಾಮಿಯ ಅಮೆರಿಕನ್ ಹೋಟೆಲಿಗೆ ಕರೆದೊಯ್ದೆ. ಈತ ಅಮೆರಿಕದ ಇಂಜಿನಿಯರೊಬ್ಬರ ಬಂಗಲೆಯಲ್ಲಿ ಅಡಿಗೆಯವನಾಗಿದ್ದು, ದೊರೆ ಹಡಗು ಹತ್ತಿದ ಮೇಲೆ ಅವರ ದೇಶದ ಧಾಟಿಯಲ್ಲೇ ಉದ್ದನೆಯ ಕಟ್ಟೆ, ಎತ್ತರದ ಸ್ಟೂಲು, ಗಾಜಿನ ಬೀರು ಇಟ್ಟು ಅಂಗಡಿ ತೆರೆದಿದ್ದ. ಬೀರುವಿನಲ್ಲಿ ಉದ್ದುದ್ದ ನೇತಾಡುತ್ತಿರುವುದೇನೆಂದು ಅತ್ತೆ ಕೇಳಿದರು. ಅದು ಮಾಂಸ ತುಂಬಿದ ಸಾಸೇಜು; ನಾನು "ಪಡವಲಕಾಯಿ" ಎಂದೆ. ಮಾವ ಸ್ಟೂಲು ಹತ್ತಿ ಚಕ್ಕಳಮಕ್ಕಳ ಹಾಕಿ ಕೂತರು. ಅವರು ಉರುಳದಂತೆ ನಾನು ಬೆನ್ನಿಗೆ ಕೈಕೊಟ್ಟುಕೊಂಡೇ ಕೂರಬೇಕಾಯಿತು.

ನಮಗೆಂದು ಮೊದಲೇ ಹೇಳಿಟ್ಟ ಸ್ಯಾಂಡ್‌ವಿಚ್ಚು ಪಿಂಗಾಣಿ ತಟ್ಟೆಯಲ್ಲಿ ಬಂತು: ಕೆಂಪಗೆ ಸುಟ್ಟ ಎರಡು ಬ್ರೆಡ್ಡು, ನಡುವೆ ಆಲೂಗಡ್ಡೆ ಪಲ್ಯ. ಮಾವ ಮೇಲಿನ ಬ್ರೆಡ್ಡನ್ನು ಎತ್ತಿ ಪಕ್ಕಕ್ಕಿಟ್ಟರು.

"ನೋಡೇ ಮಾರಾಯ್ತಿ, ಪಿಂಗಾಣಿ ಮೈಲಿಗೆ ಅಂತ ಕೆಳಗೊಂದು ಎಲೆ, ನೊಣ ಕೂರಬಾರದು ಅಂತ ಮೇಲೊಂದು ಎಲೆ. ಥೇಟ್ ನಮ್ಮ ಒಣ ಮುತ್ತುಗದೆಲೆ! ಮುನಿಸ್ವಾಮಿ ಮಡಿವಂತ ಕಣೆ."

ತಪ್ಪು ತಿದ್ದೋಣವೆಂದರೆ ನನ್ನ ಬಾಯ್ತುಂಬ ಬ್ರೆಡ್ಡು. ಅಷ್ಟರಲ್ಲಿ ಅತ್ತೆ ಮಾವ ಇಬ್ಬರೂ ಪಲ್ಯ ಬಳಿದು ತಿಂದು, ಊಟವಾದವರಂತೆ ಎಲೆಯನ್ನು ತಮ್ಮ ಕಡೆಗೆ ಮಡಿಸಹೋದರು. ಅದು ಲಟಕ್ಕನೆ ಮುರಿಯಿತು. ಆಗ ಅತ್ತೆಯ ಕಣ್ಣು ನನ್ನ ಬರಿದಾದ ತಟ್ಟೆಯ ಮೇಲೆ ಬಿತ್ತು.

"ಅಯ್ಯೋ ಶಿವನೇ! ಅಳಿಯಂದ್ರು ಎಲೆ ತಿಂದ್ಬಿಟ್ರಲ್ರೀ!"

"ಎಲೆನಾ?" ಎಂದರು ಮಾವ.

"ಎರಡೂ!" ಅತ್ತೆಯ ಕಣ್ಣಲ್ಲಿ ನೀರು. "ಎಷ್ಟು ದಿನದಿಂದ ಹಿಂಗೆ, ಅಳಿಯಂದ್ರೇ?"

ಸ್ವಾಮೀ, ಇದು ಗೋಧಿಯದು ಎನ್ನಲು ಬಾಯಿ ತೆರೆದೆ. ಗಿರಿಜೆ ನನ್ನ ಕಾಲನ್ನು ಒದ್ದಳು. ಅವಳೂ ಅರ್ಧ ಬ್ರೆಡ್ಡು ತಿಂದಿದ್ದವಳು, ಉಳಿದರ್ಧವನ್ನು ಮೆಲ್ಲಗೆ ಸೆರಗಿನಡಿ ಸೇರಿಸಿಕೊಂಡು ಪಾಪದ ಮುಖ ಮಾಡಿದ್ದಳು. ಆ ಕ್ಷಣ ಅವಳ ಮೇಲೆ ಉಕ್ಕಿದ ಪ್ರೀತಿ ಮದುವೆಯ ದಿನವೂ ಉಕ್ಕಿರಲಿಲ್ಲ.

"ಯುಗಾದಿಯಿಂದ, ಅತ್ತೆ" ಎಂದೆ.

"ಪಾಪಿ ನಾನು! ಮಗಳನ್ನ ಇಟ್ಕೊಂಡು ಅಳಿಯನ್ನ ಎಲೆಗೆ ಹಚ್ಚಿಬಿಟ್ಟೆ. ಗಿರಿಜೆ ಇಲ್ಲೇ ಇರ್ಲಿ!" ನಾನು ಸ್ಟೂಲಿನ ಮೇಲೇ ಕುಣಿಯುವುದೊಂದು ಬಾಕಿ. ಅತ್ತೆ ಮೂಗೊರೆಸಿಕೊಂಡು ಮುಂದುವರಿಸಿದರು: "ಇವಳೊಬ್ಬಳ ಕೈಲಿ ಆಗೋ ಕೆಲಸ ಅಲ್ಲ ಇದು. ಚಟ ಬಿಡೋ ತನಕ ನಾನೂ ಇರ್ತೀನಿ."

ಸಂಜೆಯ ಬಸ್ಸಿಗೆ ಮಾವ ಒಬ್ಬರೇ ಹೋದರು. ಇದ್ದ ಒಂದೇ ಕೋಣೆಯಲ್ಲಿ ತಾಯಿ ಮಗಳು, ನಾನು ಜಗಲಿಯಲ್ಲಿ. ದಿನಾ ಮಜ್ಜಿಗೆ ಅನ್ನದ ಕೊನೆಯ ತುತ್ತು ಬಾಯಿಗೆ ಹೋಗುತ್ತಲೂ ಅತ್ತೆ ನನ್ನ ಮುಂದಿನ ಬಾಳೆಲೆಯನ್ನು ಸರ್ರನೆ ಎಳೆದುಕೊಂಡುಬಿಡುತ್ತಿದ್ದರು. ದೀಪಾವಳಿ ಹತ್ತಿರವಾದಾಗ ತಾಳಲಾರದೆ, "ಅತ್ತೆ, ದೇವರಾಣೆಗೂ ಎಲೆ ಬಿಟ್ಟಿದೀನಿ" ಎಂದು ಕೈಮುಗಿದೆ.

"ಕುಡುಕರೂ ಹಂಗೇ ಅಂತಾರೆ, ಅಳಿಯಂದ್ರೇ" ಎಂದು ಎಲೆ ಎತ್ತಿಕೊಂಡು ಒಳಗೆ ಹೋದರು.