ಆಯಿಲ್ ನೋಡಿ ಹೆಣ್ಣು ಕೊಡುವ ಕಾಕಾ

ನಮ್ಮ ಕಾಕಾ ಯಾರನ್ನಾದರೂ ಮುಖ ನೋಡಿ ನಂಬಿದ್ದನ್ನು ನಾನಂತೂ ಕಂಡಿಲ್ಲ. ಮೊದಲು ಅವರ ಗಾಡಿಯ ಇಂಜಿನ್ ಆಯಿಲ್ ನೋಡುತ್ತಾನೆ. ನಮಸ್ಕಾರ ಹೇಳುವುದೋ ಬೇಡವೋ ಎಂಬುದು ಆಮೇಲಿನ ಮಾತು. ನೀವು ಸವಣೂರಿನ ನಮ್ಮ ಮನೆಗೆ ಬೈಕಿನಲ್ಲಿ ಬಂದವರಾದರೆ, ಒಳಗೆ ನೀವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೊರಗೆ ಅಂಗಳದಲ್ಲಿ ನಿಮ್ಮ ನಡತೆಯ ಪರೀಕ್ಷೆ ಮುಗಿದಿರುತ್ತದೆ. ಈ ಪರೀಕ್ಷೆಯಿಂದಾಗಿ ನನ್ನ ಮದುವೆಯೇ ಮುರಿದು ಬೀಳುವುದರಲ್ಲಿತ್ತು, ಅದನ್ನೇ ಹೇಳಲು ಹೊರಟಿದ್ದೇನೆ.

ಹಾಗಂತ ಕಾಕಾ ಮೆಕ್ಯಾನಿಕ್ ಅಂದುಕೊಳ್ಳಬೇಡಿ. ಬಳೆ ವ್ಯಾಪಾರಿ. ಹಳೆಯ ಬೈಕಿಗೆ ಗಾಜಿನ ಬಳೆಗಳ ಪೆಟ್ಟಿಗೆ ಕಟ್ಟಿಕೊಂಡು ದುಂಡಸಿ, ಹುಲಗೂರು, ಯಲವಿಗಿ ಅಂತ ಸುತ್ತುವವನು. ಆಯಿಲ್ ತೆಳುವಾದರೆ ಇಂಜಿನ್ ನಡುಗುತ್ತದೆ, ಇಂಜಿನ್ ನಡುಗಿದರೆ ಬಳೆ ಒಡೆಯುತ್ತವೆ, ಆದ್ದರಿಂದ ಆಯಿಲ್ ಗಟ್ಟಿಯಿರಬೇಕು ಎನ್ನುವುದು ಅವನ ಸಿದ್ಧಾಂತ. ರಸ್ತೆಯ ತಗ್ಗುಗಳಿಗೆ ಈ ಸಿದ್ಧಾಂತದಲ್ಲಿ ಜಾಗವಿಲ್ಲ.

ಡಬ್ಬಿಯ ಮೇಲೆ ಟೆನ್ ಡಬ್ಲ್ಯೂ ತರ್ಟಿ, ಟ್ವೆಂಟಿ ಡಬ್ಲ್ಯೂ ಫಿಫ್ಟಿ ಎಂದೆಲ್ಲ ಬರೆದಿರುತ್ತಾರಲ್ಲ? ಮೊದಲ ಅಂಕಿ ಇಂಜಿನ್ ತಣ್ಣಗಿದ್ದಾಗಿನದು, ಕೊನೆಯದು ಕಾದಾಗಿನದು; ಅಂಕಿ ಏರಿದಷ್ಟೂ ಆಯಿಲ್ ಗಟ್ಟಿ. ಇಷ್ಟನ್ನು ಕಾಕಾ ನನಗೆ ಚಿಕ್ಕಂದಿನಲ್ಲೇ ಬೆಲ್ಲದ ಪಾಕ ತೋರಿಸಿ ಕಲಿಸಿದ್ದ. ಅವತ್ತು ಅವ್ವ ಶೇಂಗಾ ಉಂಡೆಗೆ ಪಾಕ ಇಟ್ಟಿದ್ದಳು. ಕಾಕಾ ಚಮಚದಿಂದ ಎತ್ತಿ ಇಳಿಬಿಟ್ಟು ನೋಡಿ, "ವೈನಿ, ಇದಿನ್ನಾ ತರ್ಟಿ ಐತ್ರಿ, ಫಿಫ್ಟಿಗೆ ಬರ್ಲಿ" ಅಂದ. ಅವ್ವ ಪಾಪ, ಮೈದುನನ ಮಾತು ಕೇಳಿದಳು. ಆ ಉಂಡೆಗಳನ್ನು ನಾವು ಕಲ್ಲಿನಿಂದ ಜಜ್ಜಿ ತಿಂದೆವು.

ಓಣಿಯ ಮಾಸ್ತರರೊಬ್ಬರು ಹೊಸ ಬೈಕು ತಂದಾಗಲೂ ಇದೇ ಕಥೆ. ತೆಳು ಆಯಿಲ್ಲೇ ಹಾಕಬೇಕೆಂದು ಕಂಪನಿಯವರು ಹೇಳಿ ಕಳಿಸಿದ್ದರು. ಕಂಪನಿಯವರು ದುಂಡಸಿ ರಸ್ತೆ ನೋಡಿದ್ದಾರೇನು ಎಂದು ಕಾಕಾ ಕೇಳಿದ. ಮಾಸ್ತರರು ಫಿಫ್ಟಿ ಹಾಕಿಸಿದರು. ಚಳಿಗಾಲದ ಒಂದು ಮುಂಜಾನೆ ಆ ಗಾಡಿ ಎಷ್ಟು ಒದ್ದರೂ ಚಾಲೂ ಆಗದೆ, ಅವರಿಗೆ ಯಲವಿಗಿ ಸ್ಟೇಶನ್ನಿನಲ್ಲಿ ರೈಲು ತಪ್ಪಿತು. ನಮ್ಮ ಮನೆಗೆ ಬಂದು ಬಾಯಿಗೆ ಬಂದಂತೆ ಬೈದರು. ಕಾಕಾ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ.

"ಅದ್ರಾಗ ಆಯಿಲ್‌ದೇನು ತಪ್ಪೈತ್ರಿ ಮಾಸ್ತರ? ರೈಲು ಟೈಮಿಗೆ ಬಂದದ್ದ ತಪ್ಪು."

ಅಂದಿನಿಂದ ಮಾಸ್ತರರು ಕಾಕಾನನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಾರೆ.

ಇಂಥವನ ಕೈಯಲ್ಲಿ ನನ್ನ ಮದುವೆ ಸಿಕ್ಕಿಕೊಂಡಿತ್ತು! ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡ. ಕಾಕಾ ತಾನು ಮದುವೆಯಾಗದೆ ಅವ್ವನನ್ನೂ ನನ್ನನ್ನೂ ಸಾಕಿದ. ಹೀಗಾಗಿ ಗಂಡಿಗೆ ಹೂಂ ಅನ್ನಬೇಕಾದವನೂ ಅವನೇ. ಮೊದಲು ಹಿರೇಕೆರೂರಿನ ಹುಡುಗ ಬಾಡಿಗೆ ಕಾರಿನಲ್ಲಿ ಬಂದ. ಡ್ರೈವರನ ಗುಣ ತಿಳಿಯಿತು, ಹುಡುಗನದು ತಿಳಿಯಲಿಲ್ಲ ಎಂದು ಕಾಕಾ ಬೇಡ ಅಂದ. ಶಿಗ್ಗಾವಿಯ ಹುಡುಗ ಬಸ್ಸಿಗೆ ಬಂದ. ಕಾಕಾ ಅವರನ್ನು ಕಳಿಸಲು ಬಸ್ ಸ್ಟ್ಯಾಂಡಿನವರೆಗೂ ಹೋದನಂತೆ, ಆದರೆ ಬಸ್ಸಿನ ಆಯಿಲ್ ನೋಡಲು ಡ್ರೈವರ್ ಬಿಡಲಿಲ್ಲವಂತೆ. ಅದೂ ಅಲ್ಲಿಗೆ ಮುಗಿಯಿತು.

ಮೂರನೆಯವನು ಹಾನಗಲ್ಲಿನವನು. ಕನ್ನಡಕದ ಅಂಗಡಿ ಇಟ್ಟವನು. ತನ್ನದೇ ಬೈಕಿನಲ್ಲಿ ತಾಯಿಯನ್ನು ಕೂಡಿಸಿಕೊಂಡು ಬಂದ. ನಾನು ಹುಲಗೂರಿನ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಬಂದವರೆಲ್ಲ ನೌಕರಿ ಬಿಡುತ್ತೀರಾ ಎಂದು ಕೇಳಿದರೆ, ಇವನು ಹಾನಗಲ್ಲಿನಿಂದ ಹುಲಗೂರಿಗೆ ಯಾವ ಬಸ್ಸು ಅನುಕೂಲ ಎಂದು ಕೇಳಿದ. ನನಗೆ ಅಲ್ಲಿಗೇ ಮನಸ್ಸು ಕೂತುಬಿಟ್ಟಿತು. ಉಳಿದವರನ್ನು ಬಿಟ್ಟದ್ದಕ್ಕೆ ನನಗೆ ಬೇಜಾರಿರಲಿಲ್ಲ, ಇವನನ್ನು ಮಾತ್ರ ಬಿಡಲು ನಾನು ತಯಾರಿರಲಿಲ್ಲ.

ಉಪ್ಪಿಟ್ಟಿನ ತಾಟು ಬಂತು. ಕಾಕಾ ಎಲ್ಲಿ ಎಂದು ನೋಡಿದರೆ ಅಂಗಳದಿಂದ ಬರುತ್ತಿದ್ದಾನೆ. ಹುಡುಗನ ಬೈಕಿನ ಆಯಿಲ್ ಮುಚ್ಚಳ ತೆಗೆದು, ಅದರ ಕಡ್ಡಿಯನ್ನು ತನ್ನ ಬಿಳಿ ಕರವಸ್ತ್ರಕ್ಕೆ ಒರೆಸಿಕೊಂಡು ಬಂದು, ಆ ಕರವಸ್ತ್ರವನ್ನು ಹುಡುಗನ ತಾಯಿಯ ತಾಟಿನ ಪಕ್ಕದಲ್ಲೇ ಹರಡಿದ. ಆಯಮ್ಮ ತಾಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಯಾವ ಆಯಿಲ್ ಎಂದು ಕಾಕಾ ಕೇಳಿದ. ಟೆನ್ ಡಬ್ಲ್ಯೂ ತರ್ಟಿ ಎಂದು ಹುಡುಗ ಹೇಳಿದ. ದಿನಾ ಕುಡಿಯುತ್ತೇನೆ ಎಂದು ಹೇಳಿದ್ದರೂ ಕಾಕಾನ ಮುಖ ಅಷ್ಟು ಬಾಡುತ್ತಿರಲಿಲ್ಲ. ಫಿಫ್ಟಿ ಹಾಕಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಎಂದುಬಿಟ್ಟ.

"ನಾವು ಹೆಣ್ಣ ನೋಡಾಕ ಬಂದೇವ್ರಿ, ಗ್ಯಾರೇಜಿಗೆ ಬಂದಿಲ್ಲ" ಎಂದು ಆ ತಾಯಿ ಎದ್ದರು. ಉಪ್ಪಿಟ್ಟು ಅರ್ಧಕ್ಕೇ ಉಳಿಯಿತು.

ಆ ವಾರ ನಮ್ಮ ಮನೆಯಲ್ಲಿ ಕಾಕಾನ ಜೊತೆ ಯಾರೂ ಮಾತಾಡಲಿಲ್ಲ. ಅವ್ವ ಅವನ ಮುಂದೆ ರೊಟ್ಟಿಯ ಬುಟ್ಟಿ ಇಟ್ಟು ಒಳಗೆ ಹೋಗುತ್ತಿದ್ದಳು. ನಾನಂತೂ ಅವನ ಬೈಕನ್ನು ಕಂಡರೂ ಮಾರಿ ತಿರುಗಿಸುತ್ತಿದ್ದೆ. ಬೈಕೇನು ಮಾಡಿತ್ತು ಪಾಪ!

ಮುಂದಿನ ಭಾನುವಾರ ಹುಡುಗ ಒಬ್ಬನೇ ಬಂದ. ಕೈಯಲ್ಲೊಂದು ಹೊಸ ಆಯಿಲ್ ಡಬ್ಬಿ. ಕಾಕಾನ ಕಣ್ಣು ಅರಳಿದವು. ಓದಿ ನೋಡಿದರೆ ಟೆನ್ ಡಬ್ಲ್ಯೂ ತರ್ಟಿ. ನಾನು ಬಾಗಿಲ ಹಿಂದೆ ನಿಂತು ದೇವರಿಗೆ ಕೈ ಮುಗಿದೆ.

"ಕಾಕಾರ, ನಿಮ್ಮ ಹಳೇ ಗಾಡಿಗೆ ಫಿಫ್ಟಿ ಸರಿ ಇರಬೋದ್ರಿ. ನನ್ನ ಇಂಜಿನ್‌ಗೆ ಇದ ಬೇಕು. ನೀವು ಸಿಟ್ಟಾದ್ರೂ ನಾ ಇದನ್ನ ಹಾಕಾಂವ. ನಿಮ್ಮ ಹುಡುಗಿನ್ನ ಮತ್ತೊಮ್ಮೆ ಕೇಳಾಕ ಬಂದೇನಿ. ನಮ್ಮವ್ವನ್ನೂ ಒಪ್ಪಿಸಿ ಬಂದೇನಿ."

ಹೂಂ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ ಮಾರಾಯ, ಆಮೇಲೆ ಹಾನಗಲ್ಲಿಗೆ ಹೋಗಿ ಬೇಕಾದ್ದು ಹಾಕಿಕೊಳ್ಳಬಹುದಿತ್ತಲ್ಲ ಎಂದು ನಾನು ಹಲ್ಲು ಕಚ್ಚಿದೆ. ಕಾಕಾ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹಳೆಯ ಬೋಗುಣಿ ತಂದು ಬೈಕಿನ ಕೆಳಗಿಟ್ಟು, ಹಳೆ ಆಯಿಲ್ ಇಳಿಸಿ, ಆ ತೆಳು ಆಯಿಲನ್ನು ತಾನೇ ಸುರಿದ. ವೈನಿ, ಚಹಾ ಇಡ್ರಿ, ತಾರೀಖು ನೋಡೋಣ ಎಂದು ಒಳಗೆ ಕೂಗಿದ.

ಹುಡುಗ ಹೋದ ಮೇಲೆ ನಾನು ಅಂಗಳಕ್ಕೆ ಹೋದೆ. ಕಾಕಾ ಕೈಗೆ ಸಾಬೂನು ಹಚ್ಚಿ ಉಜ್ಜುತ್ತಿದ್ದ. ಅವನು ನಿನ್ನ ಮಾತು ಕೇಳಲಿಲ್ಲವಲ್ಲ, ಮತ್ತೆ ಹೇಗೆ ಒಪ್ಪಿದೆ ಎಂದು ಕೇಳಿದೆ.

"ನನಗ ಅಂಜಿ ಹೂಂ ಅಂದಿದ್ರ, ನಾಳೆ ಅಲ್ಲಿ ಮಂದಿಗೆಲ್ಲಾ ಅಂಜಿ ಹೂಂ ಅಂತಿದ್ದ. ನಿನ್ನ ಸಲುವಾಗಿ ನಿಂದ್ರಾಂವ ಬೇಕಿತ್ತವ್ವಾ. ಇಂವಾ ನಿಂದರ್ತಾನ."

ನನಗೆ ಅಳು ತಡೆಯಲಾಗಲಿಲ್ಲ. ಅವನ ಜೊತೆ ಒಂದು ವಾರ ಮಾತಾಡದ ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಕಾಕಾ ನನ್ನ ಕಡೆ ನೋಡದೆ ಕೈಗೆ ನೀರು ಸುರಿದುಕೊಂಡ.

"ಅಳಬ್ಯಾಡ. ಹಾನಗಲ್ಲೇನು ದೂರಿಲ್ಲ. ಆಗಾಗ ಬರ್ತೇನಿ."

"ಯಾಕ, ಅಂವನ ಆಯಿಲ್ ನೋಡಾಕೇನು?" ಅಂದೆ, ಅಳುತ್ತಲೇ.

"ಅಲ್ಲ" ಅಂದ ಕಾಕಾ. "ನಿನ್ನ ಮಾರಿ ನೋಡಾಕ."