ಬೀಗರು ಬಂದ ದಿನ ಬಿದ್ದ ಮೀನ

ನೀರಿನ ದಂಡಿಗೆ ಮನಿ, ಮನ್ಯಾಗ ಗಾಳ ಹಿಡದ ಗಂಡಸು, ಮ್ಯಾಲ ಆಷಾಢದ ಗಾಳಿ. ಈ ಮೂರೂ ಒಂದ ಕಡೆ ಕೂಡಿದ್ವಂದ್ರ ನಗಿಗೆ ಬರಗಾಲ ಇಲ್ಲ. ನಮ್ಮ ಮನಿ ಹಿಡಕಲ್ ಡ್ಯಾಮಿನ ಹಿನ್ನೀರಿಗೆ ಹತ್ತೇ ಐತಿ. ಹಿತ್ತಲ ಬಾಗಿಲಾ ತಗದ್ರ ನೀರ, ನೀರಿನ ದಂಡಿಗೆ ನಮ್ಮ ಮನಿಯವರು.

ಈ ಗಾಳದ ಹುಚ್ಚ ಹೆಂಗ ಹತ್ತಿತು ಅಂತ ಮೊದಲ ಹೇಳಬೇಕು. ಮಗಳನ್ನ ಮೂಡಲಗಿಗೆ ಕೊಟ್ಟೇವಿ. ಮದಿವಿ ದಿನ ಊಟದ ಪಂಕ್ತ್ಯಾಗ ಇವರು ಎದ್ದ ನಿಂತು, ಎಲ್ಲಾರ ಮುಂದ, "ಬೀಗರ, ನಮ್ಮೂರಿಗೆ ಬರ್ರಿ. ನನ್ನ ಕೈಲೆ ಹಿಡದ ಮೀನದ ಸಾರ ಉಣಸ್ತೇನಿ. ಪ್ಯಾಟಿ ಮೀನ ಉಣಸಿದ್ರ ನನ್ನ ಹೆಸರ ಬದಲ ಮಾಡ್ರಿ!" ಅಂದ್ಬಿಟ್ರು.

ಬೀಗತಿ ಬಿಡೂ ಪೈಕಿ ಅಲ್ಲ. "ಬರ್ತೇವ್ರಿ ಅಣ್ಣಾರ. ಮಾತ ಮರಿಬ್ಯಾಡ್ರಿ ಮತ್ತ" ಅಂದ್ರು.

ಆವಾಗ ಇವರ ಕೈಯಾಗ ಗಾಳ ಎಲ್ಲಿತ್ತು? ಜಿಲೇಬಿ ಇತ್ತು. ಗಾಳ ತಂದದ್ದು ಮದಿವಿ ಮುಗದ ಎಂಟ ದಿನಕ್ಕ, ಗೋಕಾಕ ಸಂತ್ಯಾಗ.

೧. ಮೊದಲನೇ ಬ್ಯಾಟಿ

ಮೊದಲನೇ ದಿನ ಸಂಜಿಮುಂದ ಗಾಳಿ ನೀರಿನ ಕಡಿಂದ ನಮ್ಮ ಕಡೆ ಹೊಡ್ಯಾಕತ್ತಿತ್ತು. ನಾ ಇವರ ಹಿಂದ ನಾಕ ಮಾರ ದೂರ ಸಗಣಿ ಕುಳ್ಳ ಆರಸಾಕತ್ತಿದ್ದೆ. ಇವರು ಕೋಲ ಎತ್ತಿ, ಗಿರ್ರ್ ಅಂತ ತಿರುವಿ ಒಗದ್ರು. ಗಾಳಿಗೆ ಗಾಳ ಹೊಳ್ಳಿ ಹಾರಿ ಬಂದು ನನ್ನ ಸೆರಗಿಗೆ ಸಿಕ್ಕೊಂತು. ಇವರ ಕಣ್ಣ ಮಾತ್ರ ನೀರಿನ ಮ್ಯಾಲ.

"ಬಿತ್ತ! ಬಿತ್ತ! ದೊಡ್ಡದ ಐತಿ! ಏ, ಓಡಿ ಬಾ ಇಲ್ಲೆ!"

"ಬರಾಕತ್ತೇನ್ರಿ. ಬರಲಿಲ್ಲಂದ್ರ ಸೀರಿ ಹರೀತೈತಿ" ಅಂದೆ.

ಗಾಳಿ ಸಪ್ಪಳದಾಗ ಅರ್ಧಾ ಕೇಳಿತು, ಅರ್ಧಾ ಇಲ್ಲ. ಹಿಂದ ತಿರಗಿ ನೋಡಬೇಕಿಲ್ಲೋ? ಜಗ್ಗಿದ್ದ ಜಗ್ಗಿದ್ದು. "ಏನ ಜೋರ ಐತೇ ಇದಕ್ಕ! ಎಷ್ಟ ತೂಕ ಇದ್ದೀತು?"

ನಾ ಬಾಜೂಕ ಹೋಗಿ ನಿಂತು ಹೇಳಿದೆ: "ಅದನ್ನ ಕನ್ಯಾ ನೋಡಾಕ ಬಂದಾಗ ಕೇಳಬೇಕಾಗಿತ್ರಿ."

೨. ಎರಡ ಡಬ್ಬಿ

ಮೀನಕ್ಕ ಹಾಕಾಕ ಇವರು ಒಂದ ಉಂಡಿ ಕಂಡ ಹಿಡದ್ರು. ಎಮ್ಮಿಗೆ ಹಾಕೂ ಶೇಂಗಾ ಹಿಂಡಿ, ಗೋದಿ ಹಿಟ್ಟ, ಒಂದೀಟ ಬೆಲ್ಲ ಕೂಡಿಸಿ ಕಟ್ಟೂದು. ನೋಡಾಕ ನಾವು ತಿನ್ನೂ ಶೇಂಗಾ ಉಂಡಿ ಇದ್ದಂಗ ಇರ್ತಿತ್ತು. ಡಬ್ಬಿನೂ ಜೋಡಿ ಡಬ್ಬಿ. ಮಗಳ ಮದಿವ್ಯಾಗ ಆಯೇರಿ ಬಂದದ್ದು. ಒಂದರಾಗ ಮೀನದ ಉಂಡಿ, ಒಂದರಾಗ ಮಂದಿ ಉಂಡಿ.

ಒಂದ ದಿನ ಅಳ್ಯಾ ಮಗಳನ್ನ ಕರಕೊಂಡ ಹೋಗಾಕ ಬಂದ್ರು. ಭಾಳ ಮರ್ಯಾದಸ್ಥ. ಅತ್ತಿ ಮನ್ಯಾಗ ತಾಟಿನಾಗ ಹಾಕಿದ್ದನ್ನ ಒಲ್ಲೆ ಅನ್ನಬಾರದು ಅಂತ ಅವರವ್ವ ಕಲಿಸಿ ಕಳಿಸ್ಯಾಳ. ನಾ ಡಬ್ಬಿ ತಗದು ಎರಡ ಉಂಡಿ ಇಟ್ಟೆ. ಒಂದ ತಿಂದ್ರು. ಎರಡನೇದನ್ನ ಹಿಂದ ಮುಂದ ತಿರುವಿ ನೋಡಿದ್ರು.

"ನಾಚಬ್ಯಾಡ್ರಿ, ತಿನ್ರಿ" ಅಂದೆ. ತಲಿ ಬಗ್ಗಿಸಿ ಅದನ್ನೂ ತಿಂದ್ರು. ಮೂರನೇದು ಹಾಕಿದೆ. "ದಾರ್‍ಯಾಗ ತಿಂತೇನ್ರಿ" ಅಂತ ಕಿಸೇದಾಗ ಇಟ್ಕೊಂಡ್ರು.

ಅವರು ಹ್ವಾದ ಮ್ಯಾಲ ಇವರು ದಂಡಿಯಿಂದ ಬರೇ ಕೈಲೆ ಬಂದ್ರು. "ಇವತ್ತ ಮೀನ ಹಿಂಡ ಹಿಂಡ ಬಂದ್ವು ನೋಡ. ಉಂಡಿ ಎಲ್ಲಾ ಖಾಲಿ. ಒಂದೂ ಸಿಗಲಿಲ್ಲ."

ಇವರು ಒಯ್ದಿದ್ದ ಡಬ್ಬಿ ಮೂಸಿ ನೋಡಿದೆ. ಮಂದಿ ಉಂಡಿ ಏಲಕ್ಕಿ ವಾಸನಿ! ಮಗಳಿಗೆ ಫೋನ್ ಹಚ್ಚಿ, "ಅವರ ಹೊಟ್ಟಿ ಹೆಂಗೈತಿ?" ಅಂತ ಕೇಳಿದೆ.

"ಚಲೋ ಐತಿ. ಯಾಕಬೇ? ‘ನಿಮ್ಮವ್ವ ಉಂಡಿಗೆ ಬೆಲ್ಲ ಕಡಿಮಿ ಹಾಕ್ತಾರ, ಆದ್ರ ತಿಂದ್ರ ಎರಡ ದಿನ ಹಸಿವಿ ಆಗಂಗಿಲ್ಲ’ ಅಂದ್ರು."

ಆವತ್ತ ನಮ್ಮ ಮನಿ ಅಳ್ಯಾತನ ಉಂಡ ಹೋದದ್ದು ಡ್ಯಾಮಿನ ಮೀನ.

೩. ವಾರದ ಮೀನ

ಕಡಿಗೂ ಒಂದ ಸಿಕ್ಕಿತು. ಅಂಗೈಯಷ್ಟ ಇತ್ತು, ಆದ್ರೂ ಮೀನ ಮೀನಽ. ಇವರು ಕೊಡದಾಗ ನೀರ ತುಂಬಿ, ಅದರಾಗ ಬಿಟ್ಕೊಂಡು ಮೆರವಣಗಿ ಬಂದಂಗ ಬಂದ್ರು.

"ಇವತ್ತ ಸೋಮಾರ. ಒಲಿ ಮ್ಯಾಲ ಮೀನ ಏರಂಗಿಲ್ಲ" ಅಂದೆ.

"ನಾಳೆ ಮಾಡು."

"ನಾಳೆ ಮಂಗಳವಾರ, ದ್ಯಾಮವ್ವನ ವಾರ. ನಾಡದ ಅಮಾಸಿ. ಆಚಿ ನಾಡದ ಗುರುವಾರ, ನಿಮ್ಮದ ಒಪ್ಪತ್ತು."

ಇವರು ಬೆರಳ ಎಣಿಸಿ ಎಣಿಸಿ ಸಾಕಾಗಿ, ಮೀನ ಒಯ್ದು ಎಮ್ಮಿ ನೀರ ಕುಡಿಯೂ ಬಾನ್ಯಾಗ ಬಿಟ್ರು. ಎಮ್ಮಿ ಮುಸಡಿ ಇಟ್ಟಿತು. ಮೀನ ಮೂಗಿಗೆ ಪಟ್ ಅಂತ ಬಡೀತು. ಎಮ್ಮಿ ಹಗ್ಗ ಹರಕೊಂಡು ಕಬ್ಬಿನ ಹೊಲಕ್ಕ ಓಡಿತು. ಎರಡ ದಿನ ನೀರ ಮುಟ್ಟಲಿಲ್ಲ, ಹಾಲ ಇಳಸಲಿಲ್ಲ. ಚಾ ಇಲ್ಲದ ಇವರ ತಲಿ ಹಿಡೀತು. ಮೂರನೇ ದಿನ ಮುಂಜಾನೆ ಮೀನ ಕೊಡಕ್ಕ ಹಾಕ್ಕೊಂಡು ಡ್ಯಾಮಿನ ಕಡೆ ನಡದ್ರು.

ಬಾಜೂ ಮನಿ ಹುಡಿಗಿ ಹಿತ್ತಲದಾಗ ಕಸಾ ಹೊಡ್ಯಾಕತ್ತಿದ್ಲು. ಕೊಡದಾಗ ಇಣುಕಿ ನೋಡಿ ಕೇಳಿದ್ಲು: "ಏನ್ರಿ ಕಾಕಾ, ಊರ ಮಂದಿ ಎಲ್ಲಾ ಡ್ಯಾಮಿನಿಂದ ಮನಿಗೆ ಮೀನ ತರ್ತಾರ. ನೀವು ಮನಿಯಿಂದ ಡ್ಯಾಮಿಗೆ ಒಯ್ಯಾಕತ್ತೀರಲ್ರಿ?"

೪. ಬರೇ ಕೋಲ

ಹಿಂಗ ಮೂರ ವರ್ಷ ಆತು. ಬೀಗತಿ ಫೋನ್ ಮಾಡಿದಾಗೊಮ್ಮೆ, "ಅಣ್ಣಾರ, ಮೀನ ಇನ್ನ ಸಣ್ಣದ ಐತೇನ್ರಿ?" ಅಂತ ಚುಚ್ಚೂದು, ಇವರು ಫೋನ್ ನನ್ನ ಕೈಯಾಗ ಕೊಟ್ಟು ಹೊರಗ ಹೋಗೂದು.

ಹೋದ ಆಷಾಢದ ಕಡೀ ಐತಾರ ನಸಕಿನ್ಯಾಗ ಬೀಗರ ಫೋನ್ ಬಂತು. ಗಂಡ ಹೇಂತಿ ಇಬ್ಬರೂ ಪಂಢರಪುರದ ದಿಂಡ್ಯಾಗ ನಡಕೊಂತ ಹೋಗಿದ್ರು, ಹೊಳ್ಳಿ ಬರೂಮುಂದ ನೆಟ್ಟಗ ನಮ್ಮಲ್ಲೇ ಬರಾಕತ್ತಿದ್ರು. ಮುಂದ ಶ್ರಾವಣ ಹತ್ತಿತಂದ್ರ ಒಂದ ತಿಂಗಳ ನಮ್ಮ ಕಡೆ ಮೀನ ಇಲ್ಲ. ಇವತ್ತ ಇಲ್ಲಂದ್ರ ಇಲ್ಲ. ಇವರು ಬೆಳಗಾಗೂದಕ್ಕ ದಂಡಿಗೆ ಹೋಗಿ ಕುಂತ್ರು. ನಾ ಮಸಾಲಿ ಅರದ ಇಟ್ಟೆ, ಹುಣಸಿಹಣ್ಣ ನೆನಿ ಇಟ್ಟೆ. ಮಧ್ಯಾಹ್ನ ಆದ್ರೂ ಮೀನಿನ ಸುದ್ದಿಲ್ಲ.

"ಸುಮ್ಮ ಪ್ಯಾಟ್ಯಾಗಿಂದ ತರ್ರಿ. ಮೀನಿನ ಹಣಿ ಮ್ಯಾಲ ಊರ ಹೆಸರ ಬರದಿರತೈತೇನು?" ಅಂದೆ.

"ಅದರ ಹಣಿ ಮ್ಯಾಲ ಇರಂಗಿಲ್ಲ. ನನ್ನ ಹಣಿ ಮ್ಯಾಲ ಇರತೈತಿ" ಅಂದ್ರು. ಪಾಪ, ದನಿ ಸಣ್ಣದಾಗಿತ್ತು.

ಬೀಗರು ಬಂದ್ರು. ನೋಡ್ತೇವಿ, ಕೊಳ್ಳಾಗ ತುಳಸಿ ಮಾಲಿ! ಮಾಲಿ ಹಾಕ್ಕೊಂಡವರು ಮೀನ ತಿನ್ನೂದಿಲ್ಲ, ಜೀವ ಹೊಡ್ಯೂದಿಲ್ಲ. ಇವರ ಮಾರಿ ಕುಂದಿತು. ಅಷ್ಟರಾಗ ಬೀಗತಿ ನನ್ನ ಕಿವ್ಯಾಗ, "ಮಾಲಿ ಅವರ ಕೊಳ್ಳಾಗ ಐತ್ರಿ ಅಕ್ಕಾರ. ನನ್ನ ಕೊಳ್ಳಾಗ ಇಲ್ಲ" ಅಂದ್ರು. ನಾ ಅದನ್ನ ಇವರಿಗೆ ಹೇಳಿದೆ. ಇವರು ಮತ್ತ ಕೋಲ ತಗೊಂಡ್ರು.

ಸಂಜಿಮುಂದ ನಾಕೂ ಮಂದಿ ದಂಡಿಗೆ ಹ್ವಾದ್ವಿ. ಗಾಳಿ ಅಂದ್ರ ಗಾಳಿ, ಬಾಯಿ ತಗದ್ರ ಉಸುಕು. ಇವರು ಬೀಗರ ಸಲುವಾಗಿ ಹೊಸಾ ಬಿಳಿ ಟೊಪಿಗಿ ಹಾಕ್ಕೊಂಡಿದ್ರು. ಅದು ಫರ್ ಅಂತ ಹಾರಿತು. ಬೀಗರ ಮುಂದ ಬೋಳ ತಲಿಲೆ ನಿಂದ್ರಾಕ ಬರತೈತೇನು? ಇವರು ಕೋಲ ಬೀಗರ ಕೈಯಾಗ ತುರುಕಿದ್ರು.

"ಅಯ್ಯ ಬೀಗರ, ನಾ ಮಾಲಿ ಹಾಕ್ಕೊಂಡಾಂವ್ರಿ!"

"ಮೀನ ಹಿಡೀರಿ ಅಂದಿಲ್ರಿ, ಬರೇ ಕೋಲ ಹಿಡೀರಿ!" ಅಂತ ಟೊಪಿಗಿ ಹಿಂದ ಓಡಿದ್ರು.

ಮೂರ ವರ್ಷ ಮುಟ್ಟದ ದೊಡ್ಡ ಮೀನ ಆಗ ಮುಟ್ಟಬೇಕ? ಕೋಲ ಬಿಲ್ಲ ಬಾಗಿದಂಗ ಬಾಗಿತು. ಬೀಗರು ಒದರಾಕ ಹತ್ತಿದ್ರು. "ವಿಠ್ಠಲಾ! ಬಿಟ್ರ ಬೀಗರ ಕೋಲ ಹೋಗತೈತಿ, ಜಗ್ಗಿದ್ರ ನನ್ನ ಮಾಲಿ ಹೋಗತೈತಿ. ಏನ ಮಾಡ್ಲೆಪ್ಪಾ?"

ಬೀಗತಿ ಸೆರಗ ಟೊಂಕಕ್ಕ ಸಿಗಿಸಿದ್ರು. "ಜಗ್ಗಬ್ಯಾಡ್ರಿ! ಕೋಲ ಹಿಡಕೊಂಡು ಹಿಂದಕ್ಕ ನಡೀರಿ. ನಡ್ಯಾಕ ಮಾಲಿ ಏನ ಅಡ್ಡ ಬರತೈತಿ? ಪಂಢರಪುರ ತನಕ ನಡದೀರಿ, ನಾಕ ಹೆಜ್ಜಿ ನಡ್ಯಾಕ ಆಗವಲ್ದೇನು?"

ಬೀಗರು ಕಣ್ಣ ಮುಚ್ಚಿ, "ವಿಠ್ಠಲ ವಿಠ್ಠಲ" ಅಂತ ಹೆಜ್ಜಿಗೊಮ್ಮೆ ನಾಮಸ್ಮರಣಿ ಮಾಡಕೊಂತ ಹಿಂದಕ್ಕ ನಡದ್ರು. ಮೀನ ಮುಂದಕ್ಕ ಬಂತು. ಮೊಳ ಉದ್ದದ ಕಟ್ಲಾ! ಉಸುಕಿನಾಗ ಬಿದ್ದು, ಗಾಳ ಕಳಚಕೊಂಡು ಹೊಳ್ಳಿ ನೀರಿನ ಕಡೆ ಜಿಗ್ಯಾಕ ಹತ್ತಿತು. ಅಷ್ಟರಾಗ ಕೆಸರ ಟೊಪಿಗಿ ಹಾಕ್ಕೊಂಡು ಇವರು ಓಡಿ ಬಂದು, ಮೀನಿನ ಮ್ಯಾಲ ಧಡಲ್ ಅಂತ ಬಿದ್ದು, ಎರಡೂ ಕೈಲೆ ಅವಚಿ ಹಿಡದ್ರು.

"ಹಿಡದೆ! ನನ್ನ ಕೈಲೆ ಹಿಡದೆ!"

ರಾತ್ರಿ ಊಟಕ್ಕ ಕುಂತ್ವಿ. ಬೀಗರಿಗೆ ಆ ಕಡೆ ರೊಟ್ಟಿ, ಮಸರ, ಶೇಂಗಾ ಚಟ್ನಿ. ಬೀಗತಿಗೆ ಈ ಕಡೆ ಮೀನದ ಸಾರು. ಇವರು ಮೆಲ್ಲಕ ಕೇಳಿದ್ರು, "ಬೀಗರ, ಖರೆ ಹೇಳ್ರಿ. ಮೀನ ಹಿಡದವರು ಯಾರು?"

ಬೀಗರು ಮಾಲಿ ಮುಟ್ಟಿ ಹೇಳಿದ್ರು: "ನೀವಽ ರಿ. ಎರಡೂ ಕೈಲೆ ಹಿಡದದ್ದನ್ನ ಎಲ್ಲಾರೂ ನೋಡೇವಿ. ನಾ ಬರೇ ಕೋಲ ಹಿಡದಿದ್ದೆ."

ಇವರ ಹೆಸರ ಉಳೀತು, ಅವರ ಮಾಲಿ ಉಳೀತು. ಇಬ್ಬರೂ ಉಸ್ ಅಂದ್ರು. ಬೀಗತಿ ಬಾಯಾಗಿಂದ ಒಂದ ಮುಳ್ಳ ತಗದು ತಾಟಿನ ಅಂಚಿಗೆ ಇಟ್ಟು ಅಂದ್ರು:

"ಹಂಗಾರ ಚಲೋ ಆತು. ಶ್ರಾವಣ ಮುಗದ ಮೊದಲನೇ ಐತಾರಕ್ಕ ಮತ್ತ ಬರ್ತೇವ್ರಿ ಅಕ್ಕಾರ. ಅಣ್ಣಾರ ಟೊಪಿಗಿ ಹಾರಲಿ, ನಮ್ಮವರು ಬರೇ ಕೋಲ ಹಿಡೀಲಿ."