ಮಡಿಲಕ್ಕಿಗೆ ಬಾಯಿ ಹಾಕಿದ ಮೇಕೆ

ಊರು ಬಿಟ್ಟು ಎಷ್ಟು ದೂರ ಬಂದರೂ ಮೇಕೆಗಳು ನನ್ನನ್ನು ಬಿಡುವುದಿಲ್ಲ. ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಮದುವೆಯವರೆಗೂ ಮೇಕೆ ಮೇಯಿಸಿ, ಗಂಡನ ಕೆಲಸದ ಹಿಂದೆ ನಾಗಪುರ ಸೇರಿ ಇಲ್ಲೇ ಮುದುಕಿಯಾದವಳು ನಾನು. ಈಗಲೂ ಸೊಪ್ಪು ಕಂಡರೆ ಕೈ ತಾನಾಗಿ ಚಾಚುತ್ತದೆ.

ಪಾರ್ಕಿನ ಬೇಲಿ

ನಮ್ಮ ಬೀದಿಯ ಪಾರ್ಕಿನ ಬೇಲಿಯಲ್ಲಿ ಸುಬಾಬುಲ್ ಬೆಳೆದಿದೆ. ಉರಿಬಿಸಿಲಿಗೂ ಜಗ್ಗದ ಗಿಡ. ಒಂದು ದಿನ ಅದರ ಸೊಪ್ಪು ಕಿತ್ತು ಮೂಸುತ್ತ ನಿಂತಿದ್ದೆ. ಪಕ್ಕದ ಮನೆಯ ಬೋಳುತಲೆಯ ತಾತ, "ಶುಗರಿಗೆ ಒಳ್ಳೆಯದಾ?" ಎಂದು ಹಿಂದಿಯಲ್ಲಿ ಕೇಳಿದರು.

"ಮೇಕೆಗೆ ಒಳ್ಳೆಯದು. ಬೇಳೆಯ ಹಾಗೆ ಸತ್ವ. ಕುದುರೆ ಜಾಸ್ತಿ ತಿಂದರೆ ಮಾತ್ರ ಕೂದಲು ಉದುರುತ್ತದೆ" ಎಂದೆ.

ತಾತ ತಲೆ ಸವರಿಕೊಂಡು, "ಹಾಗಾದರೆ ನಾನು ಎಷ್ಟು ತಿಂದರೂ ತೊಂದರೆಯಿಲ್ಲ" ಎಂದರು.

ತಂತಿಯ ಮೇಲಿನ ಊಟ

ಊರಿನಿಂದ ತಮ್ಮನ ಹೆಂಡತಿ ಫೋನ್ ಮಾಡಿದಳು. ಹಸಿರುಗೊಬ್ಬರಕ್ಕೆಂದು ಬದುವಿನಲ್ಲಿ ನೆಟ್ಟ ಗ್ಲಿರಿಸಿಡಿಯಾದ ಮಾತು. "ಅತ್ಗೆಮ್ಮ, ಗೊಬ್ರುದ್ ಗಿಡದ ಸೊಪ್ಪು ಆಕುದ್ರೆ ಮೇಕೆ ಮೂಸೂ ನೋಡಾಕಿಲ್ಲ."

"ಹಸೀದ್ರ ವಾಸ್ನೆ ಅದುಕ್ಕೆ ಆಗಾಕಿಲ್ಲ ಕಣವ್ವ. ಒಂದಿನ ಬಾಡ್ಸಿ, ಎತ್ರುಕ್ಕೆ ಕಟ್ಟು. ಕತ್ತೆತ್ತಿ ತಿನ್ನೋ ಜಾತಿ ಅದು."

ಅವಳು ಬಟ್ಟೆ ಒಣಗಿಸುವ ತಂತಿಗೇ ಕಟ್ಟಿದಳು. ಮಾರನೆಯ ದಿನ ತಮ್ಮನ ಫೋನು: "ಅಕ್ಕ, ಸೊಪ್ಪಲ್ಲಿ ಏನ್ ಸತ್ವ ಅದೋ ಕಾಣೆ. ಮೇಕೆ ನನ್ ಒಸ ಪಂಚೆ ತಿಂದು ಮೈ ತುಂಬ್ಕೊಂಡದೆ!"

ನಗುತ್ತಿದ್ದವಳು, ಅವನ ಹಿಂದೆ ಮೇಕೆ ಕೂಗಿದ್ದು ಕೇಳಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

ಮಡಿಲಕ್ಕಿ

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಹೊರಡುವ ದಿನ ಬಂದರೂ ಇನ್ನೆರಡು ದಿನ ಇರುವ ಆಸೆ. ಬಾಯಿಬಿಟ್ಟು ಕೇಳಲು ನನಗೆ ಸಂಕೋಚ. "ಇರಕ್ಕ" ಅನ್ನುವ ಮಾತು ತಮ್ಮನ ಬಾಯಲ್ಲಿ ಎಂದೂ ಹುಟ್ಟಿದ್ದಿಲ್ಲ. ಆಗಲೇ ನನ್ನ ಬ್ಯಾಗು ಹಿಡಿದು, "ಬಸ್ಸು ಬತ್ತದೆ, ಬಿರ್ರನೆ ಬಾ" ಎನ್ನುತ್ತಿದ್ದ.

ತವರಿನಿಂದ ಹೊರಡುವ ಹೆಣ್ಣಿಗೆ ಕೊಡುವ ಮಡಿಲಕ್ಕಿಯನ್ನು ಅವನ ಹೆಂಡತಿ ನನ್ನ ಸೆರಗಿಗೆ ತುಂಬಿದಳು. ಜಗಲಿಯ ಮೇಲೆ ಕೂತು ಚಪ್ಪಲಿ ಮೆಟ್ಟುವಷ್ಟರಲ್ಲಿ ಮೇಕೆ ಮೂತಿ ತೂರಿಸಿತು. ಅಕ್ಕಿಯೂ ಹೋಯಿತು, ವೀಳ್ಯದೆಲೆಯೂ ಹೋಯಿತು. ತೆಂಗಿನಕಾಯಿ ಮಾತ್ರ ಉಳಿಯಿತು.

"ಅಯ್ಯೋ, ಇಷ್ಟು ಅಕ್ಕಿಗೆ ಹೊಟ್ಟೆ ಉಬ್ಬರಿಸ್ತದೆ! ಬರೀ ಒಣ ರಾಗಿಹುಲ್ಲು ಹಾಕಿ ಕಾಯ್ಬೇಕು" ಎಂದು ಕೂಗಿದೆ.

ತಮ್ಮ ಬ್ಯಾಗು ಕೆಳಗಿಟ್ಟ. "ನಿನ್ ಅಕ್ಕಿ ತಿಂದು ಕೆಟ್ಟದ್ದು, ನೀನೇ ಇದ್ದು ನೋಡ್ಕ. ಟಿಕೆಟ್ಟು ಬದ್ಲಾಯಿಸಿದ್ರಾಯ್ತು."

ಸಂಜೆಗೆಲ್ಲ ಮೇಕೆ ಹಾಯಾಗಿ ಮೆಲುಕು ಹಾಕುತ್ತಿತ್ತು. ತಮ್ಮ ಅದರ ಹೊಟ್ಟೆ ತಟ್ಟಿ, "ಇನ್ನೂ ಉಬ್ಬರ ಅದೆ. ನಾಳಿದ್ದುಗಂಟ ನೋಡ್ಬೇಕು" ಎಂದ.

ಮೇಕೆ ತೇಗಿತು.

ನಾನೂ ಒಂದು ಸಲ ತಟ್ಟಿ ನೋಡಿ, "ಊಂ ಕಣಪ್ಪ, ಇನ್ನೊಂದಿನ ಜಾಸ್ತಿನೇ ಬೇಕಾಯ್ತದೆ" ಎಂದೆ.